ಆದರೆ ಮಾವ

ಆ ಮನೆಯಲ್ಲಿ ತಟ್ಟೆ ಒಡೆದರೆ ಯಾರೂ ತಕ್ಷಣ ಪೊರಕೆ ಮುಟ್ಟುವ ಹಾಗಿರಲಿಲ್ಲ. ಸೊಸೆ ಓಡಿ ಬಂದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಚೂರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಬಿರುಕು ಎಲ್ಲಿ ಹುಟ್ಟಿತು, ಯಾವ ಕಡೆ ಓಡಿತು, ಎಲ್ಲಿ ಕವಲೊಡೆಯಿತು ಎಂದು ನೋಡಿ ಮುಗಿಸಬೇಕು. "ಬೇರೆಯವರ ಮನೇಲಿ ತಟ್ಟೆ ಒಡೆದ್ರೆ ಸೊಸೆ ಅತ್ತೆ ಹತ್ರ ಬೈಸ್ಕೋತಾಳೆ, ನಮ್ಮನೇಲಿ ಅತ್ತೆ ಸೊಸೆ ಹತ್ರ ಪಾಠ ಕೇಳ್ಬೇಕು," ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು. ದೂರಿನ ಧಾಟಿಯಲ್ಲಿ ಶುರುವಾದ ಆ ಮಾತು ಪ್ರತಿ ಸಲವೂ ಹೆಮ್ಮೆಯಲ್ಲಿ ಮುಗಿಯುತ್ತಿತ್ತು.

ಗಂಡನದು ಕನ್ನಡಕದ ಅಂಗಡಿ. ವಿಶ್ವವಿದ್ಯಾಲಯದ ದೊಡ್ಡ ಗೇಟಿಗೆ ಎದುರಾಗಿ, ಔಷಧಿ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತ ಕಿರಿದಾದ ಜಾಗ. ಗೋಡೆ ತುಂಬ ಫ್ರೇಮುಗಳು, ಎದುರಿಗೆ ಅಕ್ಷರಗಳ ಬೋರ್ಡು, ಕೌಂಟರಿನ ಹಿಂದೆ ಅವನು, ಅವನ ಮುಂದೆ ಬೆರಳುದ್ದದ ಸ್ಕ್ರೂಡ್ರೈವರುಗಳು. ಅವಳು ಆ ಗೇಟಿನೊಳಗೆ ಸಂಶೋಧನೆ ಮಾಡುತ್ತಿದ್ದ ಕಾಲದಲ್ಲಿ ಒಮ್ಮೆ ಮುರಿದ ಕನ್ನಡಕ ತಂದು ಕೊಟ್ಟು, ಮುರಿದ ಕಡ್ಡಿಯನ್ನು ಬಿಸಾಡಬೇಡಿ, ನನಗೆ ಬೇಕು ಎಂದಿದ್ದಳು. ಅವನು ಅದನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಮುಂದಿನ ಸಲ ಅವಳು ಬಂದಾಗ ಬೇರೆ ಗಿರಾಕಿಗಳ ಮುರಿದ ಕಡ್ಡಿಗಳನ್ನೂ ಒಂದು ಡಬ್ಬಿಯಲ್ಲಿ ಕೂಡಿಟ್ಟಿದ್ದ. ಹುಡುಗಿಗೆ ಹೂವು ಕೊಟ್ಟವರನ್ನು ನೋಡಿದ್ದೇನೆ, ಕಸ ಕೊಟ್ಟು ಮದುವೆಯಾದವನು ನೀನೊಬ್ಬನೇ ಎಂದು ಅವನ ತಾಯಿ ಇವತ್ತಿಗೂ ಕಾಡುತ್ತಾಳೆ.

ಯಾವ ವಸ್ತು ಎಷ್ಟು ಭಾರ ತಡೆಯುತ್ತದೆ, ಎಲ್ಲಿ ಸೋಲುತ್ತದೆ ಎಂದು ನೋಡುವುದು ಅವಳ ಶಾಸ್ತ್ರ. ಅದರಲ್ಲೂ ಅವಳ ಜೀವ ಇದ್ದದ್ದು ಅಂಟಿನಲ್ಲಿ. ಗಾಳಿಯಂತ್ರದ ಉದ್ದ ರೆಕ್ಕೆಗಳು, ದೋಣಿಯ ಮೈ, ವಿಮಾನದ ಎಷ್ಟೋ ಭಾಗಗಳು ಈಗ ಮೊಳೆಯ ಮೇಲೆ ನಿಂತಿಲ್ಲ, ಅಂಟಿನ ಮೇಲೆ ನಿಂತಿವೆ. ಯಾವ ಅಂಟಿನಲ್ಲಾದರೂ ಕಣ್ಣಿಗೆ ಕಾಣದ ಒಂದು ಬಿರುಕು ಇದ್ದೇ ಇರುತ್ತದೆ. ರೆಕ್ಕೆ ಗಾಳಿಗೆ ಬಾಗಿ, ನೆಟ್ಟಗಾಗಿ, ಮತ್ತೆ ಬಾಗಿ, ಹೀಗೆ ಲಕ್ಷಾಂತರ ಸಲ ಆದಾಗ ಆ ಬಿರುಕು ಏನು ಮಾಡುತ್ತದೆ? ಅವಳ ವಿಭಾಗದ ನೆಲಮಾಳಿಗೆಯಲ್ಲಿ ಒಂದು ಯಂತ್ರವಿತ್ತು. ಎರಡು ಪಟ್ಟಿಗಳನ್ನು ಅಂಟಿಸಿ ಅದಕ್ಕೆ ಕಚ್ಚಿಸಿದರೆ ಅದು ಹಗಲು ರಾತ್ರಿ ಎಳೆಯುತ್ತ, ಬಿಡುತ್ತ ಕೂರುತ್ತಿತ್ತು. ಪಕ್ಕದಲ್ಲಿ ಸೂಕ್ಷ್ಮದರ್ಶಕ. ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ ಅವಳು ಅಲ್ಲಿ ಕೂತು ಕೂತು ಒಂದು ಲೇಖನ ಬರೆದಿದ್ದಳು: ಎಳೆತ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಬಿರುಕು ನಿದ್ದೆ ಹೋಗುತ್ತದೆ, ಆಮೇಲೆ ಎಷ್ಟು ಸಲ ಎಳೆದರೂ ಏಳುವುದಿಲ್ಲ.

ಅವಳು ಬರೆಯುತ್ತಿದ್ದದ್ದು ಕಡಿಮೆ. ಅಕ್ಕಪಕ್ಕದ ಕೋಣೆಯವರು ತಿಂಗಳಿಗೊಂದರಂತೆ ಲೇಖನ ಹೊರಹಾಕುತ್ತಿದ್ದರೆ ಇವಳದು ವರ್ಷಕ್ಕೊಂದು ಬಂದರೆ ಬಂತು. ತನಗೇ ನಂಬಿಕೆ ಬರುವವರೆಗೆ ಅವಳು ಯಾವುದನ್ನೂ ಕೈಬಿಟ್ಟು ಕೊಡುತ್ತಿರಲಿಲ್ಲ. ಇದರ ಪೆಟ್ಟು ಬಿದ್ದದ್ದು ಉಲ್ಲೇಖದ ಲೆಕ್ಕದಲ್ಲಿ. ಒಬ್ಬರ ಕೆಲಸವನ್ನು ಇನ್ನೊಬ್ಬರು ತಮ್ಮ ಲೇಖನದಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ. ಎಲ್ಲೋ ಕೂತ ಕಂಪ್ಯೂಟರು ಅದನ್ನು ಎಣಿಸುತ್ತದೆ. ಹೊಗಳಿದರೂ ಒಂದು, ತೆಗಳಿದರೂ ಒಂದು, ಓದದೆ ಹೆಸರು ತುರುಕಿದರೂ ಒಂದು. ವಿಭಾಗದ ಮುಖ್ಯಸ್ಥರು ಎಲ್ಲರ ಲೆಕ್ಕವನ್ನೂ ಬಣ್ಣದ ಕಂಬಗಳಾಗಿ ಮಾಡಿಸಿ ಕಾರಿಡಾರಿನ ಗೋಡೆಗೆ ಅಂಟಿಸಿದ್ದರು. ಅವಳ ಕಂಬ ಆಗತಾನೇ ನೆಲ ಸೀಳಿ ಮೇಲೆದ್ದ ಮೊಳಕೆಯ ಹಾಗಿತ್ತು. ಮುಖ್ಯಸ್ಥರು ಕೆಟ್ಟವರಲ್ಲ, ಮೇಲಿನವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಾದ, ಆ ಭಯದಲ್ಲೇ ಕೂದಲು ಉದುರಿಸಿಕೊಂಡ ಮನುಷ್ಯ.

ಇದ್ದ ಸ್ವಲ್ಪ ಉಲ್ಲೇಖಗಳಲ್ಲೂ ಅರ್ಧದಷ್ಟು ಒಬ್ಬರವೇ. ದೂರದೂರಿನ ಪ್ರೊಫೆಸರು, ವಯಸ್ಸಿನಲ್ಲಿ ಅವಳಿಗಿಂತ ಬಹಳ ಹಿರಿಯರು. ಅವರು ಏನೇ ಬರೆಯಲಿ, ಅದರಲ್ಲಿ ಅವಳ ಹೆಸರಿರುತ್ತಿತ್ತು. ಬಿರುಕು ನಿದ್ದೆ ಹೋಗುತ್ತದೆಂದು ಇಂಥವರು ತೋರಿಸಿದ್ದಾರೆ ಎಂದು ಮರ್ಯಾದೆಯ ಒಂದು ವಾಕ್ಯ. ಅದರ ಬೆನ್ನಿಗೇ 'ಆದರೆ' ಎಂದು ಇನ್ನೊಂದು. ಆ 'ಆದರೆ'ಯ ಹಿಂದೆ ಪುಟಗಟ್ಟಲೆ ತಕರಾರು. ಬಿರುಕು ನಿಲ್ಲುವುದೇ ಇಲ್ಲ, ತೆವಳುತ್ತದೆ. ನೋಡುವವರ ತಾಳ್ಮೆ ಮುಗಿಯುತ್ತದೆಯೇ ಹೊರತು ಅದರ ನಡಿಗೆ ಮುಗಿಯುವುದಿಲ್ಲ ಎಂಬುದು ಅವರ ವಾದ. ಅವಳು ಮತ್ತೊಂದು ಪ್ರಯೋಗ ಮಾಡಿ ಉತ್ತರ ಬರೆಯುವಳು. ಅದಕ್ಕೆ ಅಲ್ಲಿಂದ ಮತ್ತೊಂದು ತಕರಾರು ಬರುವುದು.

ಊಟದ ಹೊತ್ತಿಗೆ ಅಮ್ಮ "ನೋಡ್ರೀ, ಮತ್ತೆ ಆದರೆ ಅಂದಿದಾರೆ" ಎಂದು ಅಪ್ಪನಿಗೆ ಹೇಳುವುದನ್ನು ಕೇಳಿ ಕೇಳಿ, ಮಗಳು ಚಿಕ್ಕವಳಿದ್ದಾಗ ಒಂದು ದಿನ ಆದರೆ ಮಾವ ನಮ್ಮನೆಗೆ ಯಾವಾಗ ಬರುತ್ತಾರೆ ಎಂದು ಕೇಳಿದ್ದಳು. ಅಮ್ಮನ ಜೊತೆ ಇಷ್ಟು ಜಗಳ ಆಡುವವರು ಅಮ್ಮನ ಅಣ್ಣನೇ ಇರಬೇಕು ಎಂಬುದು ಅವಳ ಲೆಕ್ಕ. ಅಂದಿನಿಂದ ಆ ಹೆಸರೇ ನಿಂತುಬಿಟ್ಟಿತು. ಮಾವನನ್ನು ಮನೆಯವರ್‍ಯಾರೂ ಕಂಡಿರಲಿಲ್ಲ. ಅವಳು ಸಮ್ಮೇಳನಗಳಿಗೆ ಹೋಗುತ್ತಿದ್ದದ್ದೇ ಅಪರೂಪ. ಒಂದು ವರ್ಷ ಅತ್ತೆಯ ಮಂಡಿ ಆಪರೇಷನ್, ಇನ್ನೊಂದು ವರ್ಷ ಮಗಳ ಪರೀಕ್ಷೆ, ಮತ್ತೊಂದು ವರ್ಷ ಯಂತ್ರವನ್ನು ಒಂಟಿಯಾಗಿ ಬಿಟ್ಟು ಹೋಗಲು ಮನಸ್ಸಿಲ್ಲ. ಮಾವನಿಗೆ ದೊಡ್ಡ ಮೀಸೆ ಇರಬೇಕೆಂದು ಮಗಳು, ದಪ್ಪಗಿರಬೇಕೆಂದು ಅಜ್ಜಿ ತಮ್ಮತಮ್ಮಲ್ಲೇ ತೀರ್ಮಾನ ಮಾಡಿಕೊಂಡಿದ್ದರು.

ಕನ್ನಡಕದವನಿಗೆ ಮಾತ್ರ ಆ ಮನುಷ್ಯನ ಮೇಲೆ ಒಳಗೊಳಗೇ ಸಿಟ್ಟು. ತನ್ನ ಹೆಂಡತಿ ಕಣ್ಣು ಸವೆಸಿಕೊಂಡು ಕಟ್ಟಿದ್ದನ್ನು ಎಲ್ಲೋ ಕೂತು ಬೀಳಿಸುವುದಕ್ಕೆ ಇವನಿಗೇನು ಬಂದಿದೆ? ಆ ಲೇಖನಗಳು ಬಂದ ದಿನ ಅವಳು ಸೊರಗುವ ಬದಲು ಹುರುಪಿನಿಂದ ಓಡಾಡುತ್ತಿದ್ದುದನ್ನು ಅವನೂ ಕಂಡಿದ್ದ. ಅದು ತನಗೆ ನೋವಾಗಬಾರದೆಂದು ಅವಳು ಹಾಕಿಕೊಳ್ಳುವ ಮುಖವಾಡ ಎಂದುಕೊಂಡಿದ್ದ.

ಮಗಳು ಕಾಲೇಜು ಸೇರಿದ ವರ್ಷ ಪ್ರೊಫೆಸರ್ ಹುದ್ದೆಗೆ ಅವಳ ಬಡ್ತಿಯ ಮಾತು ಎದ್ದಿತು. ಹಿಂದೆ ಒಮ್ಮೆ ಎದ್ದು ಬಿದ್ದುಹೋಗಿತ್ತು, ಉಲ್ಲೇಖ ಸಾಲದು ಎಂಬ ಕಾರಣಕ್ಕೆ. ಈ ಸಲವಾದರೂ ದಡ ಮುಟ್ಟಲಿ ಎಂದು ಮುಖ್ಯಸ್ಥರೇ ಅವಳನ್ನು ಕೋಣೆಗೆ ಕರೆಸಿ, ಬಾಗಿಲು ಹಾಕಿ, ಒಂದು ದಾರಿ ಹೇಳಿದರಂತೆ. ಬೇರೆ ಬೇರೆ ವಿಭಾಗಗಳಲ್ಲಿ ಕೆಲವರು ಒಂದು ಗುಂಪು ಮಾಡಿಕೊಂಡಿದ್ದಾರೆ, ನೀವೂ ಸೇರಿಕೊಳ್ಳಿ, ವರ್ಷ ತುಂಬುವುದರೊಳಗೆ ನಿಮ್ಮ ಕಂಬ ಸೂರು ಮುಟ್ಟುತ್ತದೆ ಎಂದರಂತೆ. ಅವಳು ಇದನ್ನು ಸಂಜೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಹೇಳಿದಳು.

"ಅವರ ಹೆಸರೆಲ್ಲ ನಾನು ಹಾಕ್ಬೇಕಂತೆ, ನನ್ನ ಹೆಸರು ಅವರೆಲ್ಲ ಹಾಕ್ತಾರಂತೆ. ಓದದೇ ಇರೋದನ್ನ ಓದಿದೀನಿ ಅಂತ ಹೇಗ್ರೀ ಬರೀಲಿ?"

ಬರೆದರೆ ಗಂಟೇನು ಹೋಗುತ್ತದೆ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡ. ಬಾಗಿಲಲ್ಲಿ ನಿಂತಿದ್ದ ತಾಯಿಯೇ ಸಮಾಧಾನ ಹೇಳಿದಳು: "ಕಂಬ ಗಿಡ್ಡ ಇದ್ರೆ ಇರ್ಲಿ ಬಿಡೇ. ನೀನೇನು ಉದ್ದ ಇದೀಯಾ?" ಅವಳು ನಕ್ಕಳು. ಮಾತು ಅಲ್ಲಿಗೆ ಮುಗಿಯಿತು.

ಅದಾಗಿ ಸ್ವಲ್ಪ ದಿನಕ್ಕೆ ಇನ್ನೊಂದು ಸುದ್ದಿ ಬಂತು. ಸಂದರ್ಶನಕ್ಕೆ ಹೊರಗಿನ ತಜ್ಞರೊಬ್ಬರು ಬರಬೇಕು, ಅವರು ಯಾರೆಂದು ಹೇಳುವ ಹಾಗಿಲ್ಲ. ಮುಖ್ಯಸ್ಥರಿಗೆ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. ಮೆಟ್ಟಿಲ ಮೇಲೆ ಅವಳನ್ನು ನಿಲ್ಲಿಸಿ, ಈ ವಿಷಯ ಬಲ್ಲವರು ಬೇರೆ ಯಾರೂ ಸಿಗಲಿಲ್ಲಮ್ಮ, ನನ್ನ ತಪ್ಪಿಲ್ಲ ಎಂದು ಕೈಮುಗಿಯುವುದೊಂದು ಬಾಕಿ ಇಟ್ಟು ಹೇಳಿದರು. ಬರುವವರು ಆದರೆ ಮಾವ.

ಅವತ್ತು ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಇಷ್ಟು ವರ್ಷ ಕಾಗದದ ಮೇಲೆ ಜಗಳ ಆಡಿದ್ದು ಸಾಲದೆಂದು ಬಾಗಿಲಿಗೇ ಬಂದನೇ ಎಂದು ತಾಯಿ ಗೊಣಗಿದಳು. ಅಂತೂ ಮಾವ ಬರುತ್ತಿದ್ದಾರೆ ಎಂದು ಮಗಳು ನಗಿಸಲು ನೋಡಿದಳು, ಯಾರೂ ನಗಲಿಲ್ಲ. ಹೆಂಡತಿ ಮಾತ್ರ ಇದನ್ನು ಕೇಳಿಸಿಕೊಂಡ ಹಾಗೇ ಇರಲಿಲ್ಲ. ಹೋದ ಚಳಿಗಾಲದಿಂದ ಅವಳ ಯಂತ್ರದಲ್ಲಿ ಒಂದೇ ಒಂದು ಪಟ್ಟಿ ಕೂತಿತ್ತು. ಬಿರುಕು ಮಲಗುತ್ತದೆ ಎಂದು ತಾನು ಹೇಳಿದ್ದ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗೆ ಎಳೆತವಿಟ್ಟು, ಅದನ್ನು ಬಿಚ್ಚದೆ, ನಿಲ್ಲಿಸದೆ ನಡೆಸುತ್ತಿದ್ದಳು. ಹಿಂದೆ ಯಾರೂ ಅಷ್ಟು ದೀರ್ಘ ಕಾಲ ಕಾದಿರಲಿಲ್ಲ. ಸಂದರ್ಶನ ಹತ್ತಿರ ಬಂದ ಹಾಗೆ ಅವಳು ನೆಲಮಾಳಿಗೆಯಿಂದ ಮೇಲೆ ಬರುವುದೇ ಕಡಿಮೆಯಾಯಿತು. ಮನೆಗೆ ಬಂದರೂ ಮಾತಿಲ್ಲ. ಭಯಕ್ಕೆ ಹೀಗಾಗಿದ್ದಾಳೆ ಎಂದುಕೊಂಡು ಅವನು ಅವಳ ಚಹಾಕ್ಕೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿದ. ಅವನಿಗೆ ತೋಚಿದ ಔಷಧಿ ಅದೊಂದೇ.

ಸಂದರ್ಶನದ ಹಿಂದಿನ ದಿನ ಮಧ್ಯಾಹ್ನ ಅಂಗಡಿಗೆ ಒಬ್ಬ ಮುದುಕರು ಬಂದರು. ತೆಳ್ಳಗೆ, ಕುಳ್ಳಗೆ, ಮೀಸೆ ಇಲ್ಲದ ಮುಖ, ಮೊಣಕೈ ಹತ್ತಿರ ಸವೆದ ಸ್ವೆಟರು. ಬಾಗಿಲ ಚೌಕಟ್ಟನ್ನು ತಡವಿಕೊಂಡೇ ಒಳಗೆ ಬಂದು, ಕೌಂಟರಿನ ಮೇಲೆ ಎರಡು ತುಂಡಾದ ಕನ್ನಡಕ ಇಟ್ಟರು. ರೈಲಿನಲ್ಲಿ ಅದರ ಮೇಲೆ ತಾವೇ ಕೂತುಬಿಟ್ಟರಂತೆ. ಗೆಸ್ಟ್ ಹೌಸಿನವನು ಈ ಅಂಗಡಿ ತೋರಿಸಿದನಂತೆ. ಆ ಬೀದಿಯಲ್ಲಿ ಇದ್ದದ್ದೂ ಇದೊಂದೇ. ನಾಳೆ ಬೆಳಿಗ್ಗೆ ಓದುವ ಕೆಲಸವಿದೆ, ಏನಾದರೂ ಮಾಡಿ ಎಂದರು.

ಫ್ರೇಮು ಮೂಗಿನ ಮೇಲೆ ಕೂರುವ ಕಡೆ ಸರಿಯಾಗಿ ಮಧ್ಯಕ್ಕೆ ಮುರಿದಿತ್ತು. ಅದೇ ಗಾಜಿಗೆ ಹೊಂದುವ ಬೇರೆ ಫ್ರೇಮು ತರಿಸಲು ವಾರ ಬೇಕು. ಅವನು ತುಂಡುಗಳನ್ನು ಒರೆಸಿ, ಹೊಂದಿಸಿ ನೋಡಿ, ಸದ್ಯಕ್ಕೆ ಅಂಟು ಹಾಕಿ ಕೊಡುತ್ತೇನೆ, ಹಗುರಾದ ಕನ್ನಡಕ, ಬಹಳ ದಿನ ಬರುತ್ತದೆ ಎಂದ.

ಮುದುಕರು ಒಪ್ಪಲಿಲ್ಲ. "ದಿನಾ ಹಾಕ್ತೀನಿ, ತೆಗೀತೀನಿ. ಅಂಟಲ್ಲಿರೋ ಬಿರುಕು ಸುಮ್ನೆ ಕೂತಿರುತ್ತಾ?"

ಅವನು ಚಿಮಟದಿಂದ ತುಂಡನ್ನು ಹಿಡಿದುಕೊಂಡೇ, ಮನೆಯಲ್ಲಿ ಕೇಳಿ ಕೇಳಿ ಬಾಯಿಪಾಠವಾದದ್ದನ್ನು ಹೇಳಿದ. "ಕೂತಿರುತ್ತೆ ಸರ್. ಎಳೆತ ಒಂದು ಮಟ್ಟಕ್ಕಿಂತ ಕಮ್ಮಿ ಇದ್ರೆ ಬಿರುಕು ನಿದ್ದೆ ಹೋಗುತ್ತೆ. ಆಮೇಲೆ ಏಳಲ್ಲ."

ಮುದುಕರು ತಲೆ ಎತ್ತಿದರು. ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ಅವನನ್ನು ಹುಡುಕುವವರ ಹಾಗೆ ನೋಡಿದರು. ತೋರುಬೆರಳು ತಾನಾಗಿಯೇ ಮೇಲೆದ್ದಿತು.

"ಆದರೆ," ಎಂದರು.

ಚಿಮಟದಲ್ಲಿದ್ದ ತುಂಡು ಕೌಂಟರಿನ ಮೇಲೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳುವುದನ್ನೂ ಮರೆತು ನಿಂತ. ಮುದುಕರಿಗೆ ಅದರ ಪರಿವೆ ಇರಲಿಲ್ಲ. ಬಿರುಕು ಹೇಗೆ ತೆವಳುತ್ತದೆ, ಜನ ಹೇಗೆ ಮೋಸ ಹೋಗುತ್ತಾರೆ ಎಂದು ಕೌಂಟರಿನ ಮೇಲೆ ಬೆರಳಿನಿಂದ ಗೆರೆ ಎಳೆದು ವಿವರಿಸತೊಡಗಿದರು. ಅವನು ಹೆಂಡತಿಯ ಕಡೆಯಿಂದ ಇನ್ನೊಂದು ಮಾತು ಹೇಳಲು ಬಾಯಿ ತೆರೆದ. ಅವನಿಗೆ ಬರುತ್ತಿದ್ದ ಪಾಠ ಅಲ್ಲಿಗೇ ಮುಗಿದಿತ್ತು. "ಅಷ್ಟೇ ಸರ್ ನನಗೆ ಗೊತ್ತಿರೋದು," ಎಂದ. "ಮಿಕ್ಕಿದ್ದು ನಮ್ಮನೆಯವಳಿಗೆ ಗೊತ್ತು."

ಬೆರಳು ಅರ್ಧ ಗೆರೆಯಲ್ಲಿ ನಿಂತಿತು. ಗೇಟಿನ ಕಡೆ ತಿರುಗಿ, ಮತ್ತೆ ಇವನ ಕಡೆ ತಿರುಗಿ, ಮುದುಕರು ಬಹಳ ಮೆಲ್ಲಗೆ ಕೇಳಿದರು. "ಅವರು ನಿಮ್ಮ ಹೆಂಡತೀನಾ?"

ಹೌದು ಎಂದಾಗ ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಬೈಯಬೇಕೆಂದು ವರ್ಷಗಟ್ಟಲೆ ಕೂಡಿಟ್ಟಿದ್ದ ಮಾತುಗಳನ್ನು ಅವನು ಒಳಗೇ ಹುಡುಕಾಡಿದ. ಈ ಸವೆದ ಸ್ವೆಟರಿನ ಎದುರು ಒಂದೂ ಕೈಗೆ ಸಿಗಲಿಲ್ಲ. ಅವರೇ ಕೇಳತೊಡಗಿದರು. ನಿಮ್ಮ ಹೆಂಡತಿಯ ಕಣ್ಣು ಹೇಗಿದೆ, ಈಗಲೂ ತಾವೇ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಾರೋ ಇಲ್ಲ ವಿದ್ಯಾರ್ಥಿಗಳನ್ನು ಕೂರಿಸುತ್ತಾರೋ, ಸಮ್ಮೇಳನಗಳಿಗೆ ಏಕೆ ಬರುವುದಿಲ್ಲ, ಮೈ ಹುಷಾರಿಲ್ಲವೋ ಎಂದು. ಪ್ರತಿ ವರ್ಷ ಹೆಸರುಗಳ ಪಟ್ಟಿಯಲ್ಲಿ ಇವಳದನ್ನು ಹುಡುಕಿ, ಕಾಣದೆ, ತಾವೂ ಎರಡನೇ ದಿನವೇ ಊರಿಗೆ ಹೊರಟುಬಿಡುತ್ತಿದ್ದರಂತೆ. ಅವನು ಎಲ್ಲಕ್ಕೂ ಉತ್ತರ ಹೇಳುತ್ತ ಅಂಟು ಹಾಕಿ, ಒತ್ತಿ ಹಿಡಿದು, ಒಣಗಿಸಿದ. ಅಮ್ಮನ ಮಂಡಿಯ ಕಥೆಯನ್ನೂ ಹೇಳಿದ.

ಹೊರಡುವಾಗ ಅವರು ಬಾಗಿಲಲ್ಲಿ ನಿಂತು, ಸಭೆಗೆ ಮುಂಚೆ ನಾನು ಅವರ ಮನೆಯವರನ್ನು ಕಾಣುವುದು ನಿಯಮಕ್ಕೆ ವಿರುದ್ಧ, ಬಂದದ್ದನ್ನು ಅವರಿಗೆ ಹೇಳಬೇಡಿ ಎಂದು ಕೇಳಿಕೊಂಡರು. ನಾಳೆ ನಾನು ಕೇಳಬೇಕಾದ್ದನ್ನು ಕೇಳಿಯೇ ಕೇಳುತ್ತೇನೆ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ ಎಂದೂ ಸೇರಿಸಿದರು.

ಆ ಸಂಜೆ ಅವನ ಪಾಡು ಯಾರಿಗೂ ಬೇಡ. ಅವಳು ಮರುದಿನದ ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದಳು. ಅವನು ಅತ್ತಿಂದಿತ್ತ ಓಡಾಡಿದ, ನೀರು ಕುಡಿದ, ಮತ್ತೆ ಕುಡಿದ. ಏನೋ ನುಂಗಿದ ಹಾಗಿದ್ದೀರಲ್ಲ ಎಂದು ಅವಳು ಕೇಳಿದರೆ ಏನಿಲ್ಲ ಎಂದ. ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಅವಳೇ ಹತ್ತಿರ ಬಂದಳು.

"ನಾಳೆ ಹೇಗೇ ಆದ್ರೂ ನೀವು ಬೇಜಾರು ಮಾಡ್ಕೋಬಾರ್ದು," ಎಂದಳು. "ಮಾತು ಕೊಡಿ."

ಒಂದೇ ದಿನದಲ್ಲಿ ಇಬ್ಬರು ತನ್ನಿಂದ ಅದನ್ನೇ ಕೇಳಿದ್ದು ಅವನಿಗೆ ವಿಚಿತ್ರವೆನಿಸಿತು. ಮಾತು ಕೊಟ್ಟ. ಅವಳ ಹೊಟ್ಟೆಯಲ್ಲೂ ಹೇಳದ ಮಾತೇನೋ ಇದೆ ಎಂದು ಆಗ ಹೊಳೆಯಲಿಲ್ಲ.

ಮರುದಿನ ಅವನು ಅಂಗಡಿ ಮುಚ್ಚಿ, ವಿಭಾಗದ ಕಾರಿಡಾರಿನ ಬೆಂಚಿನ ಮೇಲೆ ಹೋಗಿ ಕೂತ. ತಲೆಯ ಮೇಲೆ ಬಣ್ಣದ ಕಂಬಗಳು. ಎದುರಿಗೆ ಸಭೆಯ ಕೋಣೆಯ ಮುಚ್ಚಿದ ಬಾಗಿಲು. ಒಳಗಿನಿಂದ ಗೊಣಗುಟ್ಟುವ ದನಿಗಳು, ಒಮ್ಮೆ ಯಾರೋ ಕೆಮ್ಮಿದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇದ್ದಕ್ಕಿದ್ದಂತೆ ಬಾಗಿಲು ತೆರೆಯಿತು. ಅವಳು ಮುಂದೆ, ಅಂಟು ಹಾಕಿದ ಕನ್ನಡಕದ ಮುದುಕರು ಹಿಂದೆ, ಇಬ್ಬರೂ ಅವನನ್ನು ನೋಡದೆ ದಡದಡನೆ ನೆಲಮಾಳಿಗೆಯ ಮೆಟ್ಟಿಲು ಇಳಿದುಹೋದರು. ಕೊನೆಗೆ ಬಂದ ಮುಖ್ಯಸ್ಥರು ಮುಖ ಒರೆಸಿಕೊಂಡು ಬೆಂಚಿನ ಮೇಲೆ ಕುಸಿದರು. ನಡೆದದ್ದನ್ನು ಅವರೇ ಹೇಳಿದರು.

ಸಭೆಯಲ್ಲಿ ಯಾರೋ ಒಬ್ಬರು ಉಲ್ಲೇಖದ ಲೆಕ್ಕ ಎತ್ತಿದರಂತೆ. ಇಷ್ಟು ಕಡಿಮೆ ಇದ್ದರೆ ಈ ಕೆಲಸ ಯಾರಿಗೆ ತಲುಪಿದೆ ಎಂದು ತಿಳಿಯುವುದು ಎಂದರಂತೆ. ಆಗ ಮುದುಕರು, ನನ್ನ ಮೂರು ಜನ ವಿದ್ಯಾರ್ಥಿಗಳಿಗೆ ತಲುಪಿದೆ ಎಂದರಂತೆ. ಇವರ ಲೇಖನವನ್ನು ಮುರಿಯಬೇಕು ಎಂದು ಒಬ್ಬರಾದ ಮೇಲೆ ಒಬ್ಬರು ಹೊರಟರು. ಮೂವರೂ ಡಾಕ್ಟರೇಟ್ ತೆಗೆದುಕೊಂಡರು, ಲೇಖನ ಮಾತ್ರ ಮುರಿಯಲಿಲ್ಲ. ಅದನ್ನು ಮುರಿಯುವ ಹಟಕ್ಕೆ ಬಿದ್ದು ನನ್ನ ಪ್ರಯೋಗಾಲಯ ಅಳೆಯುವುದನ್ನು ಕಲಿಯಿತು. ಆ ಕಂಬದಲ್ಲಿ ನನ್ನ ಪಾಲು ಎಷ್ಟಿದೆಯೋ ಅಷ್ಟನ್ನು ದಯವಿಟ್ಟು ಎಣಿಸಬೇಡಿ, ಓದಿ ಎಂದರಂತೆ.

"ಅಷ್ಟಕ್ಕೇ ಮುಗಿದಿದ್ರೆ ಎಷ್ಟು ಚೆನ್ನಾಗಿತ್ತು," ಎಂದು ಮುಖ್ಯಸ್ಥರು ನಿಟ್ಟುಸಿರಿಟ್ಟರು. ಕೊನೆಗೆ ಮುದುಕರು ಅವಳ ಕಡೆ ತಿರುಗಿ, ಈಗಲೂ ಬಿರುಕು ಮಲಗುತ್ತದೆ ಎಂದೇ ಹೇಳುತ್ತೀರಾ ಎಂದು ಕೇಳಿದರಂತೆ. ಹೌದು ಎಂದಿದ್ದರೆ ಸಾಕಿತ್ತು. ಅವಳು, ಇಲ್ಲ ಸರ್, ಎಚ್ಚರವಾಗಿಯೇ ಇದೆ, ಹೋದ ವಾರ ಕಂಡೆ ಎಂದಳಂತೆ. ಎಲ್ಲರೂ ಬೆರಗಾಗಿ ಕೂತಿದ್ದಾಗ ಮುದುಕರು ಕುರ್ಚಿ ಹಿಂದಕ್ಕೆ ನೂಕಿ ಎದ್ದು, ಎಲ್ಲಿ, ತೋರಿಸಿ ಎಂದರಂತೆ.

ಕನ್ನಡಕದವನಿಗೆ ಹೆಂಡತಿ ಮಾತು ತೆಗೆದುಕೊಂಡದ್ದು ಯಾಕೆಂದು ಈಗ ತಿಳಿಯಿತು. ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಅವಳು ನೆಚ್ಚಿಕೊಂಡಿದ್ದ ಮಾತು ಕೈಬಿಟ್ಟುಹೋಗಿತ್ತು. ಅದನ್ನು ಒಂದು ವಾರ ಒಬ್ಬಳೇ ಹೊತ್ತುಕೊಂಡು ಓಡಾಡಿದ್ದಳು, ತಾನು ಸಕ್ಕರೆ ಹಾಕಿದ ಚಹಾ ಕುಡಿದುಕೊಂಡು. ಅವನು ಎದ್ದು ಮೆಟ್ಟಿಲು ಇಳಿದ.

ನೆಲಮಾಳಿಗೆಯಲ್ಲಿ ಒಂದೇ ದೀಪ ಉರಿಯುತ್ತಿತ್ತು. ಯಂತ್ರ ತನ್ನ ಪಾಡಿಗೆ ಎಳೆಯುತ್ತ, ಬಿಡುತ್ತ ಇತ್ತು. ಮುದುಕರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದರು. ಚಳಿಗಾಲದಲ್ಲಿ ಅವಳು ಪಟ್ಟಿಯ ಮೇಲೆ ಗೀರಿದ್ದ ಸೂಜಿಮೊನೆಯ ಗುರುತನ್ನು ಬಿರುಕಿನ ತುದಿ ದಾಟಿ ಆಚೆ ಹೋಗಿತ್ತು. ಎಷ್ಟೋ ಹೊತ್ತಿನ ಮೇಲೆ ಅವರು ತಲೆ ಎತ್ತಿದರು. ಗೆದ್ದವರ ಮುಖ ಅದಾಗಿರಲಿಲ್ಲ.

"ಸಭೆ ಮುಗಿದ ಮೇಲೆ ಹೇಳಬಹುದಿತ್ತಲ್ಲಮ್ಮ," ಎಂದರು.

"ನೀವು ಕೇಳಿದ್ರಲ್ಲ ಸರ್."

ಅವರು ಕನ್ನಡಕವನ್ನು ಸ್ವೆಟರಿನ ತುದಿಯಲ್ಲಿ ಒರೆಸುತ್ತ ನಿಂತರು. "ನನಗೆ ಖುಷಿ ಆಗ್ಬೇಕಿತ್ತು. ಇನ್ನು ನಾನು ಯಾರ ಹತ್ರ ಜಗಳ ಆಡ್ಲಿ?"

ಬಾಗಿಲಲ್ಲಿ ನಿಂತಿದ್ದ ಅವನಿಗೆ ಹೆಂಡತಿಯ ಮುಖ ಕಾಣುತ್ತಿತ್ತು. ಅದರಲ್ಲಿ ಹಳೆಯ ಹುರುಪು ಮೆಲ್ಲನೆ ಏರುತ್ತಿತ್ತು. ಇಷ್ಟು ವರ್ಷ ತಾನು ಮುಖವಾಡ ಎಂದುಕೊಂಡದ್ದು ಮುಖವೇ ಆಗಿತ್ತು.

"ಯಾಕೆ ಸರ್," ಎಂದಳು. "ತೆವಳುತ್ತೆ ಅಂದಿದ್ದು ಸರಿ. ಎಷ್ಟು ವೇಗವಾಗಿ ಅಂತ ಬರೆದಿದೀರಲ್ಲ, ಅದು ತಪ್ಪು. ನೀವು ಹೇಳಿದ್ದಕ್ಕಿಂತ ತುಂಬಾ ನಿಧಾನ ಇದೆ."

"ತಪ್ಪಾ?" ಮುದುಕರು ಕನ್ನಡಕ ಏರಿಸಿಕೊಂಡರು. "ಎಲ್ಲಿ, ಲೆಕ್ಕ ತೆಗೀರಿ."

ಅವಳು ಸ್ಟೂಲು ಎಳೆದುಕೊಟ್ಟಳು. ಸಭೆಯವರು ಮೇಲೆ ಕಾಯುತ್ತಿದ್ದಾರೆ ಎಂದು ನೆನಪಿಸಲು ಮುಖ್ಯಸ್ಥರು ಎರಡು ಸಲ ಕೆಳಗೆ ಬಂದು, ಎರಡು ಸಲವೂ ಸದ್ದಿಲ್ಲದೆ ವಾಪಸು ಹೋದರು.

ಆ ಸಂಜೆ ಅವರು ಊಟಕ್ಕೆ ಮನೆಗೆ ಬಂದರು. ತಾಯಿ ಬಾಗಿಲಲ್ಲೇ ತಡೆದು ಮೇಲಿಂದ ಕೆಳಗೆ ನೋಡಿ, ಇಷ್ಟೇ ಇದ್ದೀರಾ, ನಾನು ಎಷ್ಟೋ ದಪ್ಪ ಅಂದುಕೊಂಡಿದ್ದೆ ಎಂದಳು. ಬಡಿಸುವಾಗ ಅದನ್ನು ಸರಿಮಾಡಲು ಹೊರಟವಳ ಹಾಗೆ ಬಡಿಸಿದಳು. ಮಾತಿನ ಭರದಲ್ಲಿ ಮಗಳು ಮಾವ ಎಂದು ಕರೆದು ನಾಲಿಗೆ ಕಚ್ಚಿಕೊಂಡಳು. ಹೆಸರಿನ ಕಥೆಯನ್ನು ಪೂರ್ತಿ ಹೇಳದೆ ಬೇರೆ ದಾರಿ ಉಳಿಯಲಿಲ್ಲ. ಅವರು ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದರು. ನಗಲಿಲ್ಲ. ಮನೆಯಲ್ಲಿ ನಾನೊಬ್ಬನೇ, ಹೆಂಡತಿ ಹೋಗಿ ಬಹಳ ವರ್ಷವಾಯಿತು, ಊಟದ ಹೊತ್ತಿಗೆ ನನ್ನ ಹೆಸರು ಎತ್ತುವವರು ಯಾರೂ ಇಲ್ಲ ಎಂದುಕೊಂಡಿದ್ದೆ ಎಂದಷ್ಟೇ ಹೇಳಿದರು. ಆಮೇಲೆ ಮಗಳ ಕಡೆ ತಿರುಗಿ, "ಮಾವ ಅಂದ್ಮೇಲೆ ಬರಿಗೈಲಿ ಬಂದಿದ್ದು ತಪ್ಪಾಯ್ತು," ಎಂದರು. ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅದಕ್ಕೇನಂತೆ, ಇನ್ನೊಂದು ಸಲ ಬನ್ನಿ ಎಂದು ತಟ್ಟೆಗೆ ಇನ್ನಷ್ಟು ಹಾಕಿದಳು.

ಬಡ್ತಿ ಬರಲು ಆ ಬೇಸಿಗೆ ಮುಗಿಯಬೇಕಾಯಿತು. ಸಭೆಯಲ್ಲಿದ್ದ ಒಬ್ಬರು, ತನ್ನ ಲೇಖನವೇ ತಪ್ಪು ಎಂದವರಿಗೆ ಹೇಗೆ ಕೊಡುವುದು ಎಂದು ಅಡ್ಡ ಹಾಕಿದ್ದರು. ಮಾವ ಅದಕ್ಕೆ ಎಷ್ಟು ಉದ್ದದ ಉತ್ತರ ಬರೆದರೆಂದರೆ, ಅದನ್ನು ಓದಿ ಮುಗಿಸುವ ಬದಲು ಒಪ್ಪಿಬಿಡುವುದೇ ಸುಲಭ ಎಂದು ಅವರಿಗೆ ಅನಿಸಿತೆಂದು ಮುಖ್ಯಸ್ಥರು ಹೇಳುತ್ತಿದ್ದರು. ಬಡ್ತಿಯ ಜೊತೆಗೆ ಅವಳಿಗೆ ಎರಡನೇ ಮಹಡಿಯಲ್ಲಿ ಕಿಟಕಿಯಿದ್ದ ಕೋಣೆ ಸಿಕ್ಕಿತು. ಯಂತ್ರ ಮೇಲೆ ಬರುವ ಹಾಗಿರಲಿಲ್ಲ, ಅದಕ್ಕೆ ಅವಳೂ ಬರಲಿಲ್ಲ. ಕಿಟಕಿಯ ಕೋಣೆಯಲ್ಲಿ ಈಗ ಅವಳ ವಿದ್ಯಾರ್ಥಿಗಳು ಕೂರುತ್ತಾರೆ.

ಬಿರುಕು ನಿದ್ದೆ ಹೋಗುವುದಿಲ್ಲ ಎಂಬ ಚಿಕ್ಕ ಲೇಖನವನ್ನು ಅವಳೂ ಮಾವನೂ ಒಟ್ಟಿಗೆ ಬರೆದರು. ಅಷ್ಟು ನಿಧಾನವಾದ ನಡಿಗೆಯನ್ನು ಯಾರೂ ಹಾಗೆ ಅಳೆದಿರಲಿಲ್ಲ. ಗಾಳಿಯಂತ್ರದ ರೆಕ್ಕೆ ಮಾಡುವವರಿಗೆ, ದೋಣಿ ಕಟ್ಟುವವರಿಗೆ ಬೇಕಾಗಿದ್ದದ್ದು ಅದೇ ಅಳತೆ; ಒಂದು ರೆಕ್ಕೆಯನ್ನು ಎಷ್ಟು ಕಾಲ ನಂಬಬಹುದು ಎಂದು ಅದರಿಂದ ಲೆಕ್ಕ ಹಾಕಬಹುದಿತ್ತು. ಹೆಸರು ಕೇಳದ ಊರುಗಳಿಂದೆಲ್ಲ ಉಲ್ಲೇಖಗಳು ಬರತೊಡಗಿದವು. ಗೋಡೆಯ ಮೇಲಿನ ಅವಳ ಕಂಬ ಹಾಳೆ ದಾಟಿ ಹೋದಾಗ ಮುಖ್ಯಸ್ಥರು ಸಂಭ್ರಮದಿಂದ ಮೇಲೊಂದು ಹಾಳೆ ಅಂಟಿಸಿದರು. ಅವಳು ಅದರ ಕೆಳಗೇ ದಿನಾ ಓಡಾಡಿದರೂ ತಲೆ ಎತ್ತಿ ನೋಡಲಿಲ್ಲ. ಮಗಳು ಅದರ ಫೋಟೋ ತೆಗೆದು ಅಜ್ಜಿಗೆ ತೋರಿಸಿದಳು.

ಕೆಲಸದಿಂದ ನಿವೃತ್ತರಾದ ಮೇಲೆ ಮಾವ ವಿಶ್ವವಿದ್ಯಾಲಯದ ರಜೆಯ ತಿಂಗಳುಗಳಲ್ಲಿ ಬಂದು ಇಲ್ಲೇ ಉಳಿಯುತ್ತಾರೆ. ಬಂದಾಗಲೆಲ್ಲ ಮಗಳಿಗೆ ಏನಾದರೊಂದು ತರುತ್ತಾರೆ. ಅವಳು ಬೇಡ ಎಂದರೂ ಕೇಳುವುದಿಲ್ಲ. ಈಗಿನ ಜಗಳ ತೇವದ ಮೇಲೆ. ಮಳೆಯಲ್ಲಿ ನೆನೆದ ಅಂಟಿನಲ್ಲಿ ಬಿರುಕು ಬೇಗ ನಡೆಯುತ್ತದೆ ಎಂದು ಅವಳಮ್ಮ, ಮೊದಲು ತಡವರಿಸಿ ಆಮೇಲೆ ನಡೆಯುತ್ತದೆ ಎಂದು ಅವರು.

ಒಂದು ಬೆಳಿಗ್ಗೆ ಅವನು ಅಂಗಡಿ ತೆರೆಯುವ ಮುನ್ನ ಫ್ಲಾಸ್ಕಿನಲ್ಲಿ ಚಹಾ ತೆಗೆದುಕೊಂಡು ನೆಲಮಾಳಿಗೆಗೆ ಇಳಿದ. ಇಬ್ಬರೂ ಒಂದೇ ಪಟ್ಟಿಯ ಮೇಲೆ ಬಾಗಿ, ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸುತ್ತಿದ್ದರು. ಅವನು ಮೂರು ಲೋಟಕ್ಕೆ ಸುರಿದು, ಎರಡನ್ನು ಅವರ ಕೈಗೆಟುಕುವ ಹಾಗೆ ಇಟ್ಟ. ಯಾರೂ ನೋಡಲಿಲ್ಲ. ತನ್ನ ಲೋಟ ಹಿಡಿದು ಗೋಡೆಗೆ ಒರಗಿ, ಅರ್ಥವಾಗದ ಆ ಜಗಳವನ್ನು ಕೇಳುತ್ತ ನಿಧಾನವಾಗಿ ಕುಡಿದು ಮುಗಿಸಿದ. ಹೊರಡುವಾಗ ಅವರ ಲೋಟಗಳ ಮೇಲೆ ಒಂದೊಂದು ತಟ್ಟೆ ಮುಚ್ಚಿಟ್ಟು, ಮೆಟ್ಟಿಲು ಹತ್ತಿ ಅಂಗಡಿಗೆ ಹೋದ.